ಯುಎಸ್‌ಬಿ ಡಾಂಗಲ್ ಹಾಕಿದರೂ ಥ್ರೆಡ್ ಬಾರ್ಡರ್ ರೂಟರ್ ಶುರುವಾಗುತ್ತಿಲ್ಲ, ಏಕೆ?
ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಎನ್‌ಆರ್‌ಎಫ್52840 ಡಾಂಗಲ್ ಹಾಕಿದ್ದೀರಿ, ಆದರೆ ಸ್ಮಾರ್ಟ್ ಹೋಮ್ ಸಾಧನಗಳ ಥ್ರೆಡ್ ಜಾಲವನ್ನು ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಓಪನ್‌ಥ್ರೆಡ್ ಬಾರ್ಡರ್ ರೂಟರ್ ಏಳುತ್ತಿಲ್ಲ, ಅಲ್ವಾ? ಮೊದಲು ಡಾಂಗಲ್ ಒಳಗಿನ ಫರ್ಮ್‌ವೇರ್ (ಅದನ್ನು ನಡೆಸುವ ತಂತ್ರಾಂಶ) ನೋಡಿ. ಅದು ಆರ್‌ಸಿಪಿ (ರೇಡಿಯೊ ಕೋ-ಪ್ರೊಸೆಸರ್) ಆಗಿರಲೇಬೇಕು. ಇಲ್ಲಿ ಡಾಂಗಲ್ ಬರೀ ರೇಡಿಯೊ. 802.15.4 (ಥ್ರೆಡ್ ಬಳಸುವ ರೇಡಿಯೊ ಮಾನದಂಡ) ಪ್ಯಾಕೆಟ್ ಕಳಿಸುವುದು, ಹಿಡಿಯುವುದು, ಅಷ್ಟೇ ಅದರ ಕೆಲಸ. ಥ್ರೆಡ್‌ನ ಉಳಿದ ಕೆಲಸವೆಲ್ಲ ಪೈ ಮೇಲೆ ನಡೆಯುತ್ತದೆ. ಇವೆರಡೂ ಮಾತಾಡುವುದು ಸ್ಪೈನೆಲ್ ಪ್ರೊಟೊಕಾಲ್‌ನಲ್ಲಿ. ಒಳಗೆ ಜಿಗ್‌ಬೀ ಎಂಬ ಬೇರೆ ಜಾಲದ ಫರ್ಮ್‌ವೇರ್ ಇದ್ದರೆ ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಕೂತು ಪ್ರಯೋಜನವಿಲ್ಲ.

ಆಮೇಲೆ ಪೋರ್ಟ್ ಹೆಸರು. ಈ ಡಾಂಗಲ್ ಸಾಮಾನ್ಯವಾಗಿ ಟಿಟಿವೈಎಸಿಎಂ0 ಎಂದು ಕಾಣಿಸುತ್ತದೆ. ಬೇರೆ ಯುಎಸ್‌ಬಿ ಸಾಧನ ಸೇರಿಸಿದರೆ ಕೊನೆಯ ಅಂಕಿ ಬದಲಾಗಬಹುದು. ಹಾಗಾಗಿ ಸೆಟ್ಟಿಂಗ್‌ನಲ್ಲಿ ಬೈ-ಐಡಿ ಫೋಲ್ಡರ್‌ನಲ್ಲಿರುವ, ಹೀಗೆ ಬದಲಾಗದ ಹೆಸರನ್ನೇ ಕೊಡುವುದು ವಾಸಿ.

ರೂಟರ್ ಎದ್ದ ಮೇಲೂ ಬಲ್ಬು, ಸೆನ್ಸರ್‌ಗಳು ಆಗಾಗ ಕೈಕೊಡುತ್ತಿದ್ದರೆ ನನಗೆ ಮೊದಲು ಅನುಮಾನ ಬರುವುದು ಯುಎಸ್‌ಬಿ 3.0 ಪೋರ್ಟ್ ಮೇಲೆ. ಅದು 2.4 ಗಿಗಾಹರ್ಟ್ಸ್ ಸುತ್ತ ಜಾಸ್ತಿ ಗದ್ದಲ ಎಬ್ಬಿಸುತ್ತದೆ. ಥ್ರೆಡ್ ಓಡುವುದೂ ಅಲ್ಲೇ. ಡಾಂಗಲನ್ನು ಯುಎಸ್‌ಬಿ 2.0 ಪೋರ್ಟಿಗೆ ಬದಲಿಸಿ, ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಪೈನಿಂದ ದೂರ ಇಡಿ. ದಯವಿಟ್ಟು ಇದನ್ನು ಬಿಡಬೇಡಿ.