ಮಗಳ ಕತ್ತೆಕಿರುಬ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ದಿಶಾಗೆ 16 ವರ್ಷ. ಅವಳ ಟ್ಯಾಬ್ ತುಂಬ ಒಂದೇ ಪ್ರಾಣಿಯ ಚಿತ್ರಗಳು. ಮೈಮೇಲೆ ಚುಕ್ಕೆಗಳಿರುವ ಕತ್ತೆಕಿರುಬ, ಎರಡು ಕಾಲಲ್ಲಿ ನಿಂತು, ಜಾಕೆಟ್ ಹಾಕಿಕೊಂಡು, ಬಾಯ್ತುಂಬ ನಗುತ್ತಿದೆ. ಅಪ್ಪ ಅದನ್ನು ನೋಡಿ ಗಾಬರಿಯಾಗಿ ಅವಳನ್ನು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆತಂದಿದ್ದರು. "ತಾನೇ ಪ್ರಾಣಿ ಅಂದುಕೊಂಡಿದ್ದಾಳೆ ಮೇಡಂ. ಔಷಧಿ ಬೇಕಾಗುತ್ತಾ?"

ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಮೊದಲು ಬಾಯಿ ಬಿಡಲಿಲ್ಲ. "ನಿನ್ನ ವಿಷಯ ಬೇಡ, ಇವಳು ಯಾರು ಹೇಳು" ಎಂದು ಚಿತ್ರ ತೋರಿಸಿದೆ. ಆಮೇಲೆ ಮಾತು ನಿಲ್ಲಲೇ ಇಲ್ಲ. ಮನುಷ್ಯರಂತೆ ನಡೆಯುವ, ಮಾತಾಡುವ ಪ್ರಾಣಿಪಾತ್ರಗಳ ಅಭಿಮಾನಿಗಳನ್ನು ಫರಿಗಳು ಅನ್ನುತ್ತಾರೆ. ಅದು ಅವಳ ಫರ್ಸೋನಾ, ಅಂದರೆ ಫರಿಗಳು ತಮಗಾಗಿ ಕಟ್ಟಿಕೊಳ್ಳುವ ಪ್ರಾಣಿರೂಪದ ಪಾತ್ರ. ತೋಳ, ನರಿ, ನಾಯಿ, ಡ್ರ್ಯಾಗನ್ ಆರಿಸಿಕೊಳ್ಳುವವರು ಜಾಸ್ತಿ. ಇವಳಿಗೆ ಕತ್ತೆಕಿರುಬವೇ ಯಾಕೆ? ಕ್ಲಾಸಿನಲ್ಲಿ ಇವಳ ನಗುವಿಗೆ ಆ ಹೆಸರಿಟ್ಟು ಆಡಿಕೊಂಡಿದ್ದರಂತೆ. ಅಂದಿನಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆ. "ಅದು ಖುಷಿಗೆ ನಗಲ್ಲ ಮೇಡಂ. ಬೇರೆಯವು ಮೇಲೆ ಬಿದ್ದಾಗ ಹಾಗೆ ಕೂಗುತ್ತೆ. ಯಾರಿಗೂ ಗೊತ್ತಿಲ್ಲ." ಇಷ್ಟು ತಿಳಿದುಕೊಂಡು ಪಾತ್ರ ಕಟ್ಟಿದ ಹುಡುಗಿಗೆ ಔಷಧಿ ಯಾಕೆ?

ಅಪ್ಪನಿಗೆ ಬಿಡಿಸಿ ಹೇಳಿದೆ. ಈ ಹವ್ಯಾಸ 1980ರ ದಶಕದಲ್ಲಿ ಅಮೆರಿಕದ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ನಡುವೆ ಬೆಳೆದದ್ದು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಸಮಾವೇಶ ನಡೆಯಿತು. ಈಗ ಪಿಟ್ಸ್‌ಬರ್ಗ್‌ನ ಆಂಥ್ರೋಕಾನ್ ಸಮಾವೇಶಕ್ಕೆ ಸಾವಿರಾರು ಜನ ಸೇರುತ್ತಾರೆ. ಹೆಚ್ಚಿನವರಿಗೆ ಮೈತುಂಬ ತೊಡುವ ಪ್ರಾಣಿವೇಷ, ಅಂದರೆ ಫರ್‌ಸೂಟ್ ಕೂಡ ಇರುವುದಿಲ್ಲ. ಚಿತ್ರ ಬರೆಯುತ್ತಾರೆ, ಕಥೆ ಬರೆಯುತ್ತಾರೆ, ಹರಟುತ್ತಾರೆ. ಒಳಗೊಳಗೆ ತಾವು ಪ್ರಾಣಿಯೇ ಅನ್ನುವವರು ಥೇರಿಯನ್‌ಗಳು, ಅದು ಬೇರೆ ವಿಷಯ. ಫರಿ ಆಗಿರುವುದು ಯಾವ ಕಾಯಿಲೆಯ ಪಟ್ಟಿಯಲ್ಲೂ ಇಲ್ಲ. ಊಟ, ನಿದ್ದೆ, ಓದು ಕೆಟ್ಟರೆ, ಪಾತ್ರ ಬಿಟ್ಟು ಹೊರಬರಲು ಆಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ನನಗೆ ಚಿಂತೆ ಹತ್ತಿದ್ದು ಬೇರೆ ಕಡೆ. ವಯಸ್ಸು ಹೇಳದ ಒಬ್ಬ ಆನ್‌ಲೈನ್ ಗೆಳೆಯ ಅವಳಿಂದ ಪುಕ್ಕಟೆ ಚಿತ್ರ ಬರೆಸಿಕೊಳ್ಳುತ್ತಿದ್ದ. ಈಚೆಗೆ ಅವಳದೇ ಫೋಟೋ ಕೇಳಿದ್ದ. ಜೊತೆಗೆ "ಮನೇಲಿ ಹೇಳ್ಬೇಡ." ಫರಿ ಕಲೆಯಲ್ಲಿ ದೊಡ್ಡವರಿಗಷ್ಟೇ ಆದ ಭಾಗವೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಗುಟ್ಟು ಇಡು ಅನ್ನುವ ಅಪರಿಚಿತರು ಎಲ್ಲ ಹವ್ಯಾಸದಲ್ಲೂ ಇರುತ್ತಾರೆ, ಅಲ್ವಾ? ಆ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಅವನನ್ನು ಬ್ಲಾಕ್ ಮಾಡಿಸಿದೆ. ಅಪ್ಪನಿಗೆ ಹೇಳೋಣ ಅಂದಾಗ ಅವಳು ಅತ್ತಳು. ಟ್ಯಾಬ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ನಾನು ಪಕ್ಕದಲ್ಲಿ ಕೂತೆ, ಅವಳೇ ಹೇಳಿದಳು.

ಅಪ್ಪನ ಕೈ ಟ್ಯಾಬಿನತ್ತ ಹೋಗಿಯೇಬಿಟ್ಟಿತು. ಈಗ ಕಿತ್ತುಕೊಂಡರೆ ಮುಂದಿನ ಸಲ ಅವಳು ಏನನ್ನೂ ಹೇಳುವುದಿಲ್ಲ ಎಂದು ತಡೆದೆ. ಚಿತ್ರ ಅಳಿಸಬಾರದು, ಅಣಕಿಸಬಾರದು. ವಾರಕ್ಕೊಮ್ಮೆ ಆ ಪಾತ್ರದ ಬಗ್ಗೆ ಏನಾದರೂ ಕೇಳಬೇಕು. ಖಾತೆಯ ಸೆಟ್ಟಿಂಗ್‌ಗಳನ್ನು ಇಬ್ಬರೂ ಕೂತು ನೋಡಬೇಕು. ಆನ್‌ಲೈನ್‌ನಲ್ಲಿ ಪರಿಚಯವಾದವರನ್ನು ಒಬ್ಬಳೇ ಭೇಟಿಯಾಗುವಂತಿಲ್ಲ. ಶಾಲೆಯ ಅಣಕದ ಬಗ್ಗೆ ಟೀಚರ್ ಜೊತೆ ಮಾತಾಡುವುದು ಅಪ್ಪನ ಕೆಲಸ.

ಫರ್‌ಸೂಟ್ ಬೇಕು ಅನ್ನುವುದು ದಿಶಾಳ ಬೇಡಿಕೆ. ಅಳತೆಗೆ ಹೊಲಿಸಿದ ಪೂರ್ತಿ ಸೂಟಿಗೆ ಸಾವಿರಾರು ಡಾಲರ್ ಆಗುತ್ತದೆ, ಅವಳಿನ್ನೂ ಬೆಳೆಯುತ್ತಿದ್ದಾಳೆ. ಸದ್ಯಕ್ಕೆ ಫೋಮ್, ಬಟ್ಟೆಯಲ್ಲಿ ಕಿವಿ, ಬಾಲ ತಾನೇ ಮಾಡಿಕೊಳ್ಳಲಿ ಎಂದೆ. ಅಪ್ಪನಿಗೆ ಬಾಲ ಇಂದಿಗೂ ಇಷ್ಟವಿಲ್ಲ. ಇಷ್ಟಪಡಲೇಬೇಕು ಅಂತ ನಾನೂ ಹೇಳಿಲ್ಲ.