ಪಕ್ಕದ ಮನೆಯವರು ಬಂದ ಬಗೆ

ಮೆಲ್ಬರ್ನ್‌ನ ಸ್ಪ್ರಿಂಗ್‌ವೇಲ್‌ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದ ಸುದ್ದಿ ತಿಳಿಸಿ ಮೂರು ಪ್ರಶ್ನೆ ಕೇಳಿದ್ದೀರಿ: ಮಕ್ಕಳ ಶಾಲೆ ಹೇಗೆ, ನಮ್ಮ ಕಡೆಯ ತರಕಾರಿ ಸಿಗುತ್ತದೆಯೇ, ಪಕ್ಕದ ಮನೆಯ ವಿಯೆಟ್ನಾಮಿನವರು ದೋಣಿಯಲ್ಲಿ ನುಗ್ಗಿ ಬಂದು ಸರ್ಕಾರದಿಂದ ಎಲ್ಲವನ್ನೂ ಪುಕ್ಕಟೆ ಪಡೆದವರೆಂದು ನಮ್ಮವರೇ ಹೇಳುವುದು ನಿಜವೇ. ಶಾಲೆಯ ಚಿಂತೆ ಬೇಡ. ತರಕಾರಿಯ ಮಾತು ಆಮೇಲೆ. ಮೂರನೆಯದಕ್ಕೆ ಮಾತ್ರ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಅದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

1984ರಲ್ಲಿ ಮೆಲ್ಬರ್ನ್‌ಗೆ ಬಂದಾಗ ನನ್ನ ಎಂಜಿನಿಯರಿಂಗ್ ಪದವಿಯನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಒಂದು ಕಾರ್ಖಾನೆಯ ರಾತ್ರಿ ಪಾಳಿಗೆ ಸೇರಿದೆ. ಪಕ್ಕದ ಯಂತ್ರದಲ್ಲಿದ್ದ ವಿಯೆಟ್ನಾಮಿನ ಹಿರಿಯರೊಬ್ಬರು ಊಟದ ಹೊತ್ತಿನಲ್ಲಿ, ವೀಸಾಕ್ಕೆ ಎಷ್ಟು ದಿನ ಕಾದಿರಿ ಎಂದು ಕೇಳಿದರು. "ಹನ್ನೊಂದು ತಿಂಗಳು. ನಾವು ಸರದಿಯಲ್ಲಿ ನಿಂತು ಬಂದವರು" ಎಂದೆ, 'ನಾವು' ಎಂಬುದನ್ನು ಒತ್ತಿ. ಅವರು ಅರ್ಧ ಉಂಡಿದ್ದ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದರು.

ವಿಯೆಟ್ನಾಂನಿಂದ ದೋಣಿಯಲ್ಲಿ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಗಾಗಿ ಮಲೇಷ್ಯಾದ ಪುಲಾವ್ ಬಿಡಾಂಗ್ ದ್ವೀಪದಲ್ಲಿದ್ದ ಶಿಬಿರದಲ್ಲಿ ಅವರು ಹದಿನಾಲ್ಕು ತಿಂಗಳು ಕಾದಿದ್ದರೆಂದೂ, ಇಲ್ಲಿಗೆ ಬಂದದ್ದು ವಿಮಾನದಲ್ಲೆಂದೂ ಇನ್ನೊಬ್ಬ ಕೆಲಸಗಾರನಿಂದ ತಿಳಿಯುವ ಹೊತ್ತಿಗೆ ಅವರು ಕೆಲಸ ಬಿಟ್ಟಾಗಿತ್ತು. 1979ರ ನಡುಭಾಗದಲ್ಲಿ, ಹೆಚ್ಚುಕಡಿಮೆ ಒಂದು ಚದರ ಕಿಲೋಮೀಟರಿನ ಆ ದ್ವೀಪದಲ್ಲಿ ಸುಮಾರು 40,000 ಜನ ಕಿಕ್ಕಿರಿದಿದ್ದರು. ಮಲೇಷ್ಯಾ ಎಷ್ಟೋ ದೋಣಿಗಳನ್ನು ಸಮುದ್ರಕ್ಕೇ ಮರಳಿ ಎಳೆದು ಬಿಡುತ್ತಿತ್ತು. ಹೊಸಬರನ್ನು ಇನ್ನು ಸೇರಿಸುವುದಿಲ್ಲವೆಂದು ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳು ಜೂನ್‌ನಲ್ಲಿ ಸಾರಿದವು. ಜುಲೈನಲ್ಲಿ ಜಿನೀವಾದಲ್ಲಿ 65 ದೇಶಗಳು ಸೇರಿದಾಗ ಮೂಡಿದ ಒಪ್ಪಂದದ ತಿರುಳು ಇಷ್ಟು: ನೆರೆಯ ದೇಶಗಳು ತಾತ್ಕಾಲಿಕವಾಗಿ ಇರಗೊಡಬೇಕು, ದೂರದ ದೇಶಗಳು ಅಲ್ಲಿಂದ ಕರೆದೊಯ್ಯಬೇಕು, ವಿಯೆಟ್ನಾಂ ಕದ್ದು ಹೊರಡುವವರನ್ನು ತಡೆದು, ಹೊರಡಲು ಕ್ರಮಬದ್ಧ ದಾರಿ ಮಾಡಿಕೊಡಬೇಕು.

ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಮಾಲ್ಕಮ್ ಫ್ರೇಸರ್ ಅವರ ಸರ್ಕಾರ ಶಿಬಿರಗಳಿಗೇ ಅಧಿಕಾರಿಗಳನ್ನು ಕಳುಹಿಸಿ ಜನರನ್ನು ಆರಿಸಿಕೊಂಡದ್ದರಲ್ಲಿ ಕರುಣೆಯೂ ಇತ್ತು, ಲೆಕ್ಕಾಚಾರವೂ ಇತ್ತು. ಹೀಗೆ ಮಾಡಿದರೆ ಮಲೇಷ್ಯಾ, ಇಂಡೋನೇಷ್ಯಾಗಳು ದೋಣಿಗಳನ್ನು ಮುಂದೆ ಬಿಡದೆ ತಡೆದಿಟ್ಟುಕೊಳ್ಳುತ್ತವೆ ಎಂಬುದು ಆ ಲೆಕ್ಕ. 1976ರ ಏಪ್ರಿಲ್‌ನಲ್ಲಿ ಐವರಿದ್ದ ಮೊದಲ ದೋಣಿ ಡಾರ್ವಿನ್ ಮುಟ್ಟಿದಂದಿನಿಂದ 1981ರವರೆಗೆ ನೇರ ದೋಣಿಯಲ್ಲಿ ಬಂದವರು ಎರಡು ಸಾವಿರ ಚಿಲ್ಲರೆ. ಶಿಬಿರಗಳಿಂದ ವಿಮಾನ ಹತ್ತಿದವರು ಹತ್ತಾರು ಸಾವಿರ. ಅವರಿಗೆ ಸಿಕ್ಕಿದ್ದು ನಿಮ್ಮ ಸ್ಪ್ರಿಂಗ್‌ವೇಲ್‌ನಲ್ಲೇ ಇದ್ದ ಎಂಟರ್‌ಪ್ರೈಸ್ ಹಾಸ್ಟೆಲ್‌ನಂಥ ಕಡೆ ಒಂದು ಕೊಠಡಿ, ಒಂದಿಷ್ಟು ಇಂಗ್ಲಿಷ್ ಪಾಠ, ಆಮೇಲೆ ಕಾರ್ಖಾನೆ. ಬಿಳಿಯರಿಗೆ ಮಾತ್ರ ಎಂಬ ಇಲ್ಲಿನ ವಲಸೆ ನೀತಿ 1973ರಲ್ಲಿ ಕಾಗದದ ಮೇಲೆ ಹೋಗಿತ್ತು ನಿಜ, ಆದರೆ ಏಷ್ಯಾದವರು ಇಷ್ಟು ಸಂಖ್ಯೆಯಲ್ಲಿ ಬಂದು ನೆಲೆಸಬಹುದೆಂದು ಮೊದಲು ಕಂಡದ್ದು ಇವರಿಂದ. ನಾನು ಜಂಬ ಕೊಚ್ಚಿದ ಸರದಿಗೂ ಅವರ ಋಣ ಸ್ವಲ್ಪ ಇದ್ದೀತು. ಇದನ್ನು ಆ ಹಿರಿಯರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಹುಡುಕಿಕೊಂಡು ಹೋಗಲಿಲ್ಲ.

ಇನ್ನು ತರಕಾರಿ. ನುಗ್ಗೆಸೊಪ್ಪು, ಬಾಳೆಹೂವು ವಿಯೆಟ್ನಾಮಿನವರ ಅಂಗಡಿಗಳಲ್ಲೇ ಸಿಗುತ್ತವೆ. ಪಕ್ಕದ ಮನೆಯ ಅಜ್ಜಿಯ ಬೇಲಿಗೆ ಹಬ್ಬಿದೆಯೆಂದು ನೀವು ಬರೆದ ದಪ್ಪ ಎಲೆಯ ಬಳ್ಳಿ ಬಸಳೆಯೇ ಇರಬೇಕು. ಕೇಳಿದರೆ ಒಂದು ತುಂಡು ಕೊಟ್ಟಾರು. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ.