ಡಾಕ್ಟರನ ಕೈ ತಡೆಯುವವರು ಯಾರು?

ಮಾನ್ಯರೇ,

ಇಂಗ್ಲೆಂಡಿನ ಮಗಳ ಮನೆಯಿಂದ ತಾವು ಬರೆದ ಪತ್ರ ಕೈಸೇರಿದೆ. ಇದೇ 2013ರ ನವೆಂಬರ್ 23ರ ಶನಿವಾರ ಸಂಜೆ ಬಿಬಿಸಿ ಪ್ರಸಾರ ಮಾಡಲಿರುವ ‘ಡಾಕ್ಟರ್ ಹೂ’ ಎಂಬ, ಡಾಕ್ಟರ್ ಎಂದೇ ಕರೆಸಿಕೊಳ್ಳುವ ಅನ್ಯಗ್ರಹದವನೊಬ್ಬ ಕಾಲದಲ್ಲಿ ಅಲೆಯುವ ಕಥೆಯ ಟಿವಿ ಸರಣಿಯ ಐವತ್ತನೇ ವರ್ಷದ ವಿಶೇಷ ಕಂತು ‘ದಿ ಡೇ ಆಫ್ ದಿ ಡಾಕ್ಟರ್’ ಅನ್ನು ಮೊಮ್ಮಕ್ಕಳ ಜೊತೆ ಚಿತ್ರಮಂದಿರದಲ್ಲಿ ನೋಡಲು ಹೊರಟಿದ್ದೀರಿ. ಹಿಂದಿನದು ಯಾವುದನ್ನೂ ನೋಡದವರಿಗೆ ಇದು ಅರ್ಥವಾದೀತೇ ಎಂದು ಕೇಳಿದ್ದೀರಿ. ಪತ್ರದ ಕೊನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಪ್ರಶ್ನೆಯಿದೆ. ತನ್ನ ಗ್ರಹವನ್ನೂ ತನ್ನ ಜನರನ್ನೂ ತಾನೇ ಸುಟ್ಟವನೆಂದು ಮೊಮ್ಮಗ ವಿವರಿಸಿದ ಈ ಡಾಕ್ಟರನನ್ನು ಮಕ್ಕಳ ಮುಂದೆ ನಾಯಕನೆಂದು ನಿಲ್ಲಿಸುವುದು ಸರಿಯೇ ಎಂದು, ನಾಲ್ಕು ದಶಕ ಮಕ್ಕಳಿಗೆ ಪಾಠ ಹೇಳಿದ ತಾವು ಕೇಳಿದ್ದೀರಿ.

ಮೊದಲನೆಯದಕ್ಕೆ ಅಳುಕು ಬೇಡ. ಸುಮಾರು 800 ಕಂತುಗಳ ಈ ಸರಣಿಯನ್ನು ಪೂರ್ತಿ ನೋಡುತ್ತೇನೆಂದು ಹೊರಟರೂ ಇಂದು ಯಾರಿಗೂ ಸಾಧ್ಯವಿಲ್ಲ. ಅರವತ್ತರ ದಶಕದ ಟೇಪುಗಳನ್ನು ಬಿಬಿಸಿ ಅಳಿಸಿ ಮತ್ತೆ ಬಳಸಿದ್ದರಿಂದ 97 ಕಂತುಗಳು ಈಗ ಇಲ್ಲ. ನೈಜೀರಿಯಾದಲ್ಲಿ 9 ಕಂತುಗಳು ಸಿಕ್ಕವೆಂದು ಕಳೆದ ತಿಂಗಳು ಪ್ರಕಟವಾದ ಮೇಲೆ ಉಳಿದಿರುವ ಲೆಕ್ಕ ಅದು. ಡಾಕ್ಟರನ ಮುಖ ಆಗಾಗ ಬದಲಾಗುವ ವಿಷಯವೂ ಕಷ್ಟದ್ದಲ್ಲ. ಮೊದಲ ಡಾಕ್ಟರ್ ಆಗಿ ನಟಿಸಿದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, ಸಾವಿನ ಅಂಚಿನಲ್ಲಿ ಡಾಕ್ಟರನ ದೇಹ ಹೊಸದಾಗುತ್ತದೆಂಬ ಉಪಾಯವನ್ನು 1966ರಲ್ಲಿ ಕಂಡುಕೊಂಡರು, ಪ್ಯಾಟ್ರಿಕ್ ಟ್ರೌಟನ್ ಆ ಜಾಗಕ್ಕೆ ಬಂದರು. ಈಗಿನ ಮ್ಯಾಟ್ ಸ್ಮಿತ್ ಹನ್ನೊಂದನೆಯವರು.

ಎರಡನೆಯ ಪ್ರಶ್ನೆಗೆ ಉತ್ತರಿಸಲು 1963ಕ್ಕೇ ಹೋಗಬೇಕು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಮತ್ತು ಲಖನೌದಲ್ಲಿ ಹುಟ್ಟಿದ ನಿರ್ದೇಶಕ ವಾರಿಸ್ ಹುಸೇನ್, ಇಬ್ಬರೂ ಮೂವತ್ತು ತುಂಬದವರು, ಮೊದಲ ಕಂತನ್ನು ಎರಡು ಸಲ ಚಿತ್ರಿಸಬೇಕಾಯಿತು. ಮೊದಲ ಸಲದ ಡಾಕ್ಟರ್ ತೀರಾ ಕಠೋರನಾಗಿದ್ದನೆಂಬುದು ಮೇಲಧಿಕಾರಿ ಸಿಡ್ನಿ ನ್ಯೂಮನ್ ಅವರ ಆಕ್ಷೇಪಗಳಲ್ಲಿ ಒಂದು. ತಿದ್ದಿದ ಮೇಲೂ ಅವನು ಸಂತನಾಗಲಿಲ್ಲ. ಮೊಮ್ಮಗಳು ಸುಸಾನಳೊಂದಿಗೆ ಕಾಲದಲ್ಲಿ ಅಲೆಯುವ ಆ ಮುದುಕ, ಅವಳ ಶಾಲೆಯ ಇಬ್ಬರು ಅಧ್ಯಾಪಕರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಶಿಲಾಯುಗಕ್ಕೆ ಎಳೆದೊಯ್ಯುತ್ತಾನೆ. ಅಲ್ಲಿ ಗಾಯಗೊಂಡು ಬಿದ್ದ ಗುಹಾಮಾನವನಿಂದ ತಮ್ಮ ಪಾರಾಗುವಿಕೆ ತಡವಾದಾಗ ಡಾಕ್ಟರ್ ಒಂದು ಕಲ್ಲನ್ನು ಕೈಗೆತ್ತಿಕೊಳ್ಳುತ್ತಾನೆ. ಆ ಕೈಯನ್ನು ಹಿಡಿದು ತಡೆಯುವವನು ಇಯಾನ್, ಒಬ್ಬ ವಿಜ್ಞಾನದ ಮೇಷ್ಟ್ರು. ದಾರಿಯ ನಕ್ಷೆ ಬರೆಸಬೇಕೆಂದಿದ್ದೆ ಎಂದು ಡಾಕ್ಟರ್ ಸಬೂಬು ಹೇಳುತ್ತಾನೆ, ಯಾರೂ ನಂಬುವುದಿಲ್ಲ. ಈ ಸರಣಿಯ ಎಲ್ಲ ಒಳ್ಳೆಯತನವೂ ಅಲ್ಲಿಂದ ಹೊರಟದ್ದೆಂದು ನಾನು ತಿಳಿದಿದ್ದೇನೆ: ಅವನು ಕರುಣೆಯನ್ನು ಹುಟ್ಟಿನಿಂದ ತಂದವನಲ್ಲ, ಜೊತೆಗಿದ್ದ ಸಾಮಾನ್ಯ ಮನುಷ್ಯರಿಂದ ಕಲಿತವನು. 1975ರಲ್ಲಿ ಟಾಮ್ ಬೇಕರ್ ಅವರ ಡಾಕ್ಟರ್, ತನ್ನ ಶತ್ರುಕುಲವಾದ ಕ್ರೂರ ಡಾಲೆಕ್‌ಗಳು ಹುಟ್ಟುವ ಕೋಣೆಯನ್ನು ಸ್ಫೋಟಿಸಬಲ್ಲ ಎರಡು ತಂತಿಗಳನ್ನು ಕೈಯಲ್ಲಿ ಹಿಡಿದು, ಒಂದು ಕುಲವನ್ನೇ ಅಳಿಸುವ ಹಕ್ಕು ತನಗಿದೆಯೇ ಎಂದು ತಡವರಿಸುತ್ತಾನೆ. ಕಲ್ಲು ಎತ್ತಿದವನು ಅಷ್ಟು ದೂರ ಬಂದಿದ್ದ.

2005ರಲ್ಲಿ ಸರಣಿ ಮತ್ತೆ ಆರಂಭವಾದಾಗ ಅದರ ಮುಖ್ಯ ಲೇಖಕ ರಸೆಲ್ ಟಿ. ಡೇವಿಸ್ ಅವನನ್ನು ಆ ತಂತಿಗಳ ಆಚೆಗೆ ದೂಡಿದರು. ತನ್ನ ಕುಲದವರಾದ ಟೈಮ್ ಲಾರ್ಡ್‌ಗಳಿಗೂ ಡಾಲೆಕ್‌ಗಳಿಗೂ ನಡೆದ ಕಾಲಯುದ್ಧವನ್ನು, ತನ್ನ ಗ್ಯಾಲಿಫ್ರೇ ಗ್ರಹದ ಸಮೇತ ಎರಡೂ ಕಡೆಯವರನ್ನು ನಾಶ ಮಾಡಿ ಮುಗಿಸಿದವನಾಗಿ ಅವನು ತಿರುಗಿ ಬಂದ. ಎಂಟು ವರ್ಷಗಳಿಂದ ಆ ಘಟನೆ ಮಾತಿನಲ್ಲಷ್ಟೇ ಇದೆ, ಅದು ನಡೆದ ಗಳಿಗೆಯನ್ನು ನಾವು ಕಂಡಿಲ್ಲ. ಮೇ ತಿಂಗಳ ಕಂತಿನ ಕೊನೆಯಲ್ಲಿ ಜಾನ್ ಹರ್ಟ್ ಅವರ ಮುಖದಲ್ಲಿ, ಉಳಿದ ಡಾಕ್ಟರರು ಹೆಸರಿಸಲೂ ಒಪ್ಪದ ಒಬ್ಬ ಡಾಕ್ಟರ್ ಕಾಣಿಸಿದ. ಇದೇ 14ರಂದು ಬಿಡುಗಡೆಯಾದ ಕಿರುಕಂತಿನಲ್ಲಿ ಎಂಟನೆಯ ಡಾಕ್ಟರ್ ಪಾಲ್ ಮೆಕ್‌ಗ್ಯಾನ್, ಯುದ್ಧಕ್ಕೆ ವೈದ್ಯನಿಂದ ಉಪಯೋಗವಿಲ್ಲವೆಂದು ಒಪ್ಪಿ, ಯೋಧನಾಗಲು ತಾನಾಗಿ ಆ ರೂಪವನ್ನು ತಳೆದದ್ದನ್ನು ಕಂಡೆವು. ಹಾಗಾದರೆ 23ರಂದು ಈ ಕಂತಿನ ಲೇಖಕ ಸ್ಟೀವನ್ ಮಾಫೆಟ್ ನಮ್ಮನ್ನು ಕೊಂಡೊಯ್ಯುವುದು ಆ ಕೊನೆಯ ದಿನಕ್ಕೇ ಎಂದು ನಂಬಲು ಕಾರಣವಿದೆ.

ನನ್ನ ಆತಂಕ ಒಂದೇ. ಹಿಂದೆಯೂ ಡಾಕ್ಟರರು ಒಂದುಗೂಡಿದ್ದುಂಟು. ಇಪ್ಪತ್ತನೇ ವರ್ಷದ ನೆನಪಿಗೆ 1983ರಲ್ಲಿ ಐವರನ್ನು ಸೇರಿಸಿದಾಗ, ಹಾರ್ಟ್‌ನೆಲ್ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಆ ಪಾತ್ರವನ್ನು ರಿಚರ್ಡ್ ಹರ್ನ್‌ಡಾಲ್ ವಹಿಸಿದರು, ಟಾಮ್ ಬೇಕರ್ ಒಪ್ಪದ ಕಾರಣ ಅವರ ಹಳೆಯ ದೃಶ್ಯಗಳನ್ನೇ ಜೋಡಿಸಿದರು. ಎಲ್ಲರನ್ನೂ ತೆರೆಗೆ ತರುವುದರಲ್ಲೇ ಕಥೆಯ ಕಸುವು ಕರಗಿತು. ನಮ್ಮ ಹಳಗನ್ನಡ ಕವಿ ಒಂದು ಗದಾಯುದ್ಧವನ್ನು ಹೇಳುತ್ತಲೇ ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಕಾಣಿಸಿದಂತೆ, ಈ ಕಂತೂ ಒಂದು ದಿನದ ಒಂದು ನಿರ್ಧಾರದೊಳಗೆ ಐವತ್ತು ವರ್ಷಗಳನ್ನು ಕಾಣಿಸಬೇಕು. ಹತ್ತನೆಯ ಡಾಕ್ಟರ್ ಡೇವಿಡ್ ಟೆನಂಟ್ ಮರಳಿ ಬರುವುದು ಅಭಿಮಾನಿಗಳಿಗೆ ಹಬ್ಬವೇ ಸರಿ, 2005ರ ಡಾಕ್ಟರ್ ಕ್ರಿಸ್ಟೋಫರ್ ಎಕಲ್‌ಸ್ಟನ್ ಬರುತ್ತಿಲ್ಲವೆಂಬ ಕೊರಗೂ ನ್ಯಾಯವಾದದ್ದೇ; ಆದರೆ ಯಾರು ಬಂದರು, ಯಾರು ಬರಲಿಲ್ಲ ಎಂಬುದರಿಂದ ಈ ಕಂತಿನ ಬೆಲೆ ಕಟ್ಟಲಾಗದು. ಹರ್ಟ್ ಅವರ ಡಾಕ್ಟರ್ ಕೈಯೆತ್ತುವ ಹೊತ್ತಿನಲ್ಲಿ ಇಯಾನನ ಸ್ಥಾನದಲ್ಲಿ ಯಾರಾದರೂ ನಿಂತಿರುತ್ತಾರೆಯೇ? ಈಗಿನ ಸಂಗಾತಿ ಕ್ಲಾರಾ ಆ ತಡೆಯುವ ಮಾತನ್ನು ಆಡಬೇಕೆಂಬುದು ನನ್ನ ಆಸೆ.

ತಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಮಾಡಿದ ಕೃತ್ಯವನ್ನು ಶೌರ್ಯವೆಂದು ಹೊಗಳುವ ಕಥೆಯಾಗಿದ್ದರೆ ಮಕ್ಕಳನ್ನು ದೂರವಿಡಿ ಎನ್ನುತ್ತಿದ್ದೆ. ಇಲ್ಲಿ ಎಂಟು ವರ್ಷಗಳಿಂದ ಅವನು ಆ ಕೃತ್ಯಕ್ಕೆ ನಾಚುತ್ತಿದ್ದಾನೆ, ತನ್ನದೇ ಒಂದು ರೂಪಕ್ಕೆ ತನ್ನ ಹೆಸರನ್ನು ನಿರಾಕರಿಸಿದ್ದಾನೆ. ಅಂಥವನ ಬಗ್ಗೆ ಮೊಮ್ಮಗ ತಮ್ಮ ಬಳಿ ವಾದಿಸುತ್ತಿದ್ದರೆ, ಅವನು ಕೇಳಬೇಕಾದುದನ್ನೇ ಕೇಳುತ್ತಿದ್ದಾನೆ.

ಅಷ್ಟರೊಳಗೆ ಸಮಯ ಸಿಕ್ಕರೆ 1963ರ ಮೊದಲ ಕಥೆಯ ನಾಲ್ಕು ಕಂತುಗಳನ್ನೂ 14ರ ಕಿರುಕಂತನ್ನೂ ಮೊಮ್ಮಕ್ಕಳ ಜೊತೆ ನೋಡಿ. 21ರ ಗುರುವಾರ, ಸರಣಿ ಹುಟ್ಟಿದ ಬಗೆಯನ್ನು ಕುರಿತು ಮಾರ್ಕ್ ಗೇಟಿಸ್ ಬರೆದ ನಾಟಕವೂ ಬಿಬಿಸಿಯಲ್ಲಿ ಬರಲಿದೆ. ವಾರಿಸ್ ಹುಸೇನರ ಪಾತ್ರವನ್ನು ಸಾಶಾ ಧವನ್ ವಹಿಸಿದ್ದಾರೆ.

— ಸಂಪಾದಕ